ಕೋಣೆಯಲ್ಲಿ ಕೂತವರ ಸುದ್ದಿ ಎತ್ತಬಾರದು

ಸೋಫಾದಣ್ಣ ಆಸ್ಪತ್ರೆಯಿಂದ ಮನೆಗೆ ಬಂದದ್ದು ತಾನೇ ರಿಪೇರಿ ಮಾಡಿದ ಕುರ್ಚಿಯ ಮೇಲೆ ಕೂತುಕೊಂಡು. ಬೀದಿ ಕಿರಿದು, ಆಂಬುಲೆನ್ಸು ಮೂಲೆಯಲ್ಲೇ ನಿಂತುಬಿಟ್ಟಿತು. ಪಕ್ಕದ ಕ್ಷೌರದಂಗಡಿಯವನು ಅದನ್ನು ನೋಡಿ, ಗಿರಾಕಿಯ ಅರ್ಧ ಗಡ್ಡವನ್ನು ಹಾಗೇ ಬಿಟ್ಟು, ಕಾಯುವವರು ಕೂರುವ ಕುರ್ಚಿಯೊಂದನ್ನು ಎತ್ತಿಕೊಂಡು ಓಡಿದ. ಗಿರಾಕಿಯೂ ನೊರೆ ಒರೆಸಿಕೊಳ್ಳದೆ ಹಿಂದೆಯೇ ಓಡಿ ಕುರ್ಚಿಯ ಇನ್ನೊಂದು ಕಡೆ ಹಿಡಿದ. ಇಬ್ಬರೂ ಸೇರಿ ರೋಗಿಯನ್ನು ಮನೆಯೊಳಗೆ ತಂದು ಇಳಿಸಿದಾಗ ಸೋಫಾದಣ್ಣ ಗೊಗ್ಗರು ದನಿಯಲ್ಲಿ ಹೇಳಿದ ಮೊದಲ ಮಾತು:

"ಸ್ಪ್ರಿಂಗು ಇನ್ನೂ ಗಟ್ಟಿಯಾಗಿದೆ ಕಣೋ."

"ನೀನು ಕಟ್ಟಿದ್ದಲ್ವಾ," ಎಂದ ಕ್ಷೌರದವನು. ಹೆಗಲ ಮೇಲಿನ ಟವೆಲ್ಲಿನಿಂದ ಗಿರಾಕಿಯ ನೊರೆ ಒರೆಸುವ ನೆಪದಲ್ಲಿ ಮೊದಲು ತನ್ನ ಕಣ್ಣು ಒರೆಸಿಕೊಂಡ.

ಕಾಯಿಲೆ ಶುರುವಾಗಿದ್ದು ಕಾಲ್ಬೆರಳುಗಳ ಜೋಮಿನಿಂದ. ಚಪ್ಪಲಿ ಕಳಚಿಬಿದ್ದದ್ದೇ ತಿಳಿಯಲಿಲ್ಲ ಎಂದು ನಕ್ಕು ಹೇಳಿದವನು ವಾರ ಕಳೆಯುವುದರೊಳಗೆ ಸುತ್ತಿಗೆ ಹಿಡಿಯಲಾರದಾದ. ಆಮೇಲೆ ಉಸಿರನ್ನೂ ಯಂತ್ರವೇ ಎಳೆದು ಕೊಡಬೇಕಾಯಿತು. ನರಗಳ ಕಾಯಿಲೆ, ಹೇಗೆ ಏರಿತೋ ಹಾಗೇ ಇಳಿಯಬಹುದು, ಇಳಿಯದೆಯೂ ಇರಬಹುದು ಎಂದರು ವೈದ್ಯರು. ಇಳಿಯಿತು. ಆದರೆ ಬಹಳ ನಿಧಾನವಾಗಿ, ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ, ಒಲ್ಲದ ಮನಸ್ಸಿನಿಂದ ಹೊರಟ ನೆಂಟನ ಹಾಗೆ.

ಮನೆಯಲ್ಲಿ ಇದ್ದದ್ದು ನಾಲ್ಕು ಜನ. ಸೋಫಾದಣ್ಣ, ಅವನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಚೂಟಿ, ಮತ್ತು ರೈಲಿನಲ್ಲಿ ಗಾರ್ಡಾಗಿ ದುಡಿದು ನಿವೃತ್ತರಾದ ಅವನ ಅಪ್ಪ. ಬೀದಿಗೆ ತೆರೆದುಕೊಂಡ ಮುಂಭಾಗ ಅಂಗಡಿ. ಅದರ ಹಿಂದೆ ನಡುಕೋಣೆ, ಅಲ್ಲೊಂದು ಊಟದ ಮೇಜು, ಮಂಚ. ಅದರಾಚೆ ಅಡುಗೆಮನೆ. ಮೊದಲೆಲ್ಲ ಅಂಗಡಿಯಲ್ಲಿ ಸ್ಪ್ರಿಂಗು ಕಟ್ಟುವುದು, ಪಟ್ಟಿ ಬಿಗಿಯುವುದು, ಮೊಳೆ ಹೊಡೆಯುವುದು ಅವನ ಕೆಲಸ. ಹೊಲಿಗೆ ಯಂತ್ರದಲ್ಲಿ ಹೊದಿಕೆ ಹೊಲಿಯುವುದು ಅವಳ ಕೆಲಸ. ಅವನು ಆಸ್ಪತ್ರೆ ಸೇರಿದ ಮೇಲೆ ಎರಡೂ ಅವಳವೇ ಆದವು. ಬೀದಿಯವರು ಯಾವಾಗ ಅವಳನ್ನು ಸೋಫಾದಕ್ಕ ಎಂದು ಕರೆಯಲು ಶುರುಮಾಡಿದರೋ ಅವಳಿಗೇ ನೆನಪಿಲ್ಲ. ಬಾಯಲ್ಲಿ ಸಣ್ಣ ಮೊಳೆಗಳನ್ನು ತುಂಬಿಕೊಂಡು, ಒಂದೊಂದನ್ನೇ ತುಟಿಗೆ ತಂದು, ಸುತ್ತಿಗೆಯ ತುದಿಯಿಂದ ತೆಗೆದು ಹೊಡೆಯುವುದನ್ನು ಅವಳು ಕಲಿತುಬಿಟ್ಟಿದ್ದಳು. ಯಾರಾದರೂ ಮಾತಾಡಿಸಿದರೆ ಬರೀ ತಲೆ ಆಡಿಸುವಳು.

ಮನೆಗೆ ಬಂದ ದಿನ ಸಂಜೆಯೇ ಸೋಫಾದಣ್ಣ ವಿಷಯ ಎತ್ತಿದ.

"ಊಟಕ್ಕೆ ಮುಂಚೆ ಎಲ್ಲಾರೂ ಸ್ವಲ್ಪ ಹೊತ್ತು ಸುಮ್ನೆ ಕೂರೋಣ."

"ಆಸ್ಪತ್ರೇಲಿ ಕೂತಿದ್ದು ಸಾಲ್ದಾ ಅಪ್ಪ?" ಎಂದಳು ಚೂಟಿ.

ಅವನು ನಿಲ್ಲಿಸಿ ನಿಲ್ಲಿಸಿ ಹೇಳಿದ. ಗಂಟಲಲ್ಲಿ ಕೊಳವೆ ಇದ್ದಾಗ ಅವನಿಗೆ ಕಾಣುತ್ತಿದ್ದದ್ದು ಮೇಲ್ಛಾವಣಿ ಒಂದೇ. ಬೆಳಗಿನ ಪಾಳಿಗೆ ಬರುತ್ತಿದ್ದ ನರ್ಸಮ್ಮ ಕೆಲಸ ಶುರುಮಾಡುವ ಮೊದಲು ಮಂಚದ ಸರಳಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಳು. ಆಮೇಲೆ ತಾನು ಬರುವ ದಾರಿಯಲ್ಲಿ ಕಂಡದ್ದು ಒಂದೇ ಒಂದನ್ನು ಅವನಿಗೆ ಹೇಳುತ್ತಿದ್ದಳು. ಮುದುಕಿಯೊಬ್ಬಳು ನಾಯಿಗೆ ಛತ್ರಿ ಹಿಡಿದುಕೊಂಡು ಹೋದದ್ದು. ಗೋಡೆಯ ಬಿರುಕಿನಲ್ಲಿ ಟೊಮೆಟೊ ಗಿಡ ಹಣ್ಣು ಬಿಟ್ಟದ್ದು.

"ಅದನ್ನ ಇಡೀ ದಿನ ಮೆಲುಕು ಹಾಕ್ತಿದ್ದೆ. ಮನೆಗೆ ಹೋದ್ರೆ ನಾನೂ ಹಿಂಗೇ ಮಾಡ್ಬೇಕು ಅನ್ಕೊಂಡಿದ್ದೆ. ದೇವ್ರನ್ನ ನೆನೆಯೋದು, ಆಮೇಲೆ ಒಬ್ಬೊಬ್ರೂ ಇವತ್ತು ಕಂಡಿದ್ದರಲ್ಲಿ ಒಂದು ಆಶ್ಚರ್ಯ ಹೇಳಿ, ಅದಕ್ಕೆ ಕೃತಜ್ಞತೆ ಹೇಳೋದು. ಅಷ್ಟೇ."

"ಮೇಲಿರೋನು ಡ್ಯೂಟೀಲಿರ್ತಾನೆ," ಎಂದರು ಗಾರ್ಡ್ ತಾತ. "ಚುಟುಕಾಗಿ ಮುಗಿಸೋದಾದ್ರೆ ನಂದೇನೂ ಅಭ್ಯಂತರ ಇಲ್ಲ."

ನಾಲ್ವರೂ ಅಂಗೈಗಳನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದರು. ಸೋಫಾದಣ್ಣನ ಕೈಗಳನ್ನು ಹೆಂಡತಿಯೇ ಎತ್ತಿ ಇಡಬೇಕಾಯಿತು. ಬೇರೆ ಯಾರೋ ಮರೆತುಹೋದ ಕೈಗಳ ಹಾಗೆ ಅವು ಅಲ್ಲಿ ಬಿದ್ದುಕೊಂಡವು. ಕಣ್ಣು ತೆರೆದ ಮೇಲೆ ಅವನೇ ಮೊದಲು ಬಾಯಿ ಬಿಟ್ಟ.

"ನಾನು ಮೊಟ್ಟಮೊದಲು ಹೇಳ್ಬೇಕಾಗಿರೋದು ಇವಳಿಗೆ..."

ಸೋಫಾದಕ್ಕನ ಮುಖ ಕಿವಿಯವರೆಗೆ ಕೆಂಪಾಯಿತು. ಎದುರಿಗೆ ಮಾವ, ಪಕ್ಕದಲ್ಲಿ ಬೆಳೆದ ಮಗಳು.

"ರೀ, ಸುಮ್ನಿರಿ! ಇದೇನು ಸನ್ಮಾನದ ಸಭೆನಾ? ಇಲ್ಲಿ ಕೂತಿರೋರ ಸುದ್ದಿ ಯಾರೂ ಎತ್ತಬಾರದು. ಎತ್ತಿದ್ರೆ ನೋಡಿ, ನಾನು ಎದ್ದು ಹೋಗ್ತೀನಿ."

ಗಾರ್ಡ್ ತಾತನ ಬೆನ್ನು ನೆಟ್ಟಗಾಯಿತು. ಹಸಿರು ಬಾವುಟ ತೋರಿಸದೆ ಒಂದು ಗಾಲಿಯನ್ನೂ ಉರುಳಗೊಡದೆ ಬಾಳಿದವರು. ನಿವೃತ್ತರಾದ ಮೇಲೆ ಅವರ ಕೈಗೆ ಒಂದು ಒಳ್ಳೆಯ ನಿಯಮ ಸಿಕ್ಕೇ ಇರಲಿಲ್ಲ.

"ಸರಿಯಾಗಿ ಹೇಳ್ದೆ ತಾಯಿ. ಇಲ್ಲಾಂದ್ರೆ ಒಬ್ರನ್ನೊಬ್ರು ಹೊಗಳೋದೇ ಆಗುತ್ತೆ. ಕೋಣೆಯಲ್ಲಿ ಇರೋರ ಸುದ್ದಿ ಇಲ್ಲ. ನಿಯಮ ಅಂದ್ರೆ ನಿಯಮ."

ಹೀಗೆ ನಿಯಮ ಹುಟ್ಟಿತು.

ಮೊದಮೊದಲು ಎಲ್ಲರಿಗೂ ಮುಜುಗರ. ಗಾರ್ಡ್ ತಾತ ಒಂದು ಸಂಜೆ "ನೀರು" ಎಂದು ಹೇಳಿ ಸುಮ್ಮನಾದರು.

"ನೀರೇನು ತಾತ?"

"ನಲ್ಲಿ ತಿರುಗಿಸ್ದೆ. ಬಂತು."

"ಅಷ್ಟೇನಾ?"

"ಬರದೇ ಇದ್ದ ಕಾಲ ನೀನು ನೋಡಿಲ್ಲ, ಅದಕ್ಕೆ ಅಷ್ಟೇನಾ ಅಂತೀಯ."

ಚೂಟಿಯದು ದಿನಕ್ಕೊಂದು ಕಥೆ. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸೊಬ್ಬರು ತನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದರಂತೆ. ಇಳಿಯುವಾಗ ಮಾತಿಲ್ಲ ಕಥೆಯಿಲ್ಲ, ಕೈಗೊಂದು ಕಿತ್ತಳೆ ಇಟ್ಟು ಹೋದರಂತೆ. ಆ ಕಿತ್ತಳೆಯನ್ನು ಅವಳು ತಿನ್ನದೆ ಮನೆಗೆ ತಂದಿದ್ದಳು. ನಾಲ್ಕು ಭಾಗವಾಯಿತು.

ಸೋಫಾದಣ್ಣ ಒಂದು ಸಂಜೆ ಹಾಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ, "ಲೋಟ ಬಿಸಿ ಇದೆ ಅಂತ ಇವತ್ತು ಬೆರಳಿಗೆ ಗೊತ್ತಾಯ್ತು." ಗಾರ್ಡ್ ತಾತ ಮಗನ ಕೈಯಿಂದ ಲೋಟ ತೆಗೆದು, ತಾನೂ ಹಿಡಿದು ನೋಡಿ, "ಹೌದು, ಬಿಸಿ," ಎಂದು ವಾಪಸು ಕೊಟ್ಟರು.

ಸೋಫಾದಕ್ಕನ ಸರದಿ ಬಂದಾಗ ಮಾತ್ರ ಪ್ರತಿದಿನವೂ ಒಂದೇ ಉತ್ತರ. "ನಂದೇನೂ ಇಲ್ಲ. ತಣ್ಣಗಾಗುತ್ತೆ, ತಿನ್ನಿ."

ಅವಳ ದಿನ ಶುರುವಾಗುತ್ತಿದ್ದದ್ದು ಅವನನ್ನು ಎಬ್ಬಿಸುವುದರಿಂದ. ಸ್ನಾನ ಮಾಡಿಸಿ, ಶರ್ಟಿನ ಗುಂಡಿ ಹಾಕಿ, ತಿನ್ನಿಸಿ, ಅಂಗಡಿಯ ಕಿಟಕಿಯ ಪಕ್ಕ ಕೂರಿಸಿ, ಆಮೇಲೆ ಬಾಗಿಲು ತೆರೆಯುವಳು. ಅವನು ಎದ್ದು ನಿಂತರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬಂದು ಮೊಣಕೈಗೆ ಮೊಣಕೈ ಕೊಡುವಳು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಇಬ್ಬರನ್ನೂ ಬೈಯುತ್ತಿದ್ದಳು.

"ಅಂಕಲ್, ಕಾಲು ರೆಡಿ ಇದೆ, ನೀವು ರೆಡಿ ಇಲ್ಲ. ಕೋಲು ಬಿಟ್ರೆ ಗೋಡೆ ಹುಡುಕ್ತೀರ, ಗೋಡೆ ಬಿಟ್ರೆ ಆಂಟಿನ ಹುಡುಕ್ತೀರ. ಆಂಟಿ, ನೀವು ಸ್ವಲ್ಪ ದೂರ ನಿಂತ್ಕೊಳ್ಳಿ."

"ದೂರ ನಿಂತು?"

"ನೋಡ್ತಿರಿ."

"ಬಿದ್ರೆ?"

"ಬಿದ್ರೆ ಎತ್ತೋಣ."

ಸೋಫಾದಕ್ಕ ಮೊಳೆಗಳನ್ನು ಮತ್ತೆ ಬಾಯಿಗೆ ತುಂಬಿಕೊಂಡಳು. ದೂರ ಮಾತ್ರ ಹೋಗಲಿಲ್ಲ.

ಮನೆಯವರು ಸುಮ್ಮನೆ ಕೂತಿದ್ದರು ಎಂದರೆ ತಪ್ಪಾದೀತು. ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು ಚೂಟಿಯ ಪಾಲಿಗೆ ಬಂದಿತ್ತು. ಗಾರ್ಡ್ ತಾತ ಆಲೂಗಡ್ಡೆ ಸುಲಿಯಲು ಕಲಿತರು. ಸುಲಿದದ್ದು ಸಿಪ್ಪೆಗೆ ಹೆಚ್ಚು, ಪಾತ್ರೆಗೆ ಕಡಿಮೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ರೈಲಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಹಳೆಯ ಮೂತಿಡಬ್ಬಿಯಿಂದ ಸೊಸೆಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಒರೆಸಿ, ಏನೂ ತಿಳಿಯದವರ ಹಾಗೆ ಹೋಗಿ ಮಲಗುತ್ತಿದ್ದರು. ಯಂತ್ರ ಈಚೆಗೆ ಯಾಕೋ ಒಳ್ಳೆಯ ಬುದ್ಧಿ ಕಲಿತಿದೆ ಎಂದುಕೊಂಡಿದ್ದಳು ಸೋಫಾದಕ್ಕ.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ತಮ್ಮ ದವಾಖಾನೆಯ ಅಷ್ಟೂ ಕುರ್ಚಿಗಳಿಗೆ ಹೊಸ ಸೀಟು ಹಾಕಿಸಲು ಕಳಿಸಿದರು. ಅಂಗಡಿ ತುಂಬಿ, ಕುರ್ಚಿಗಳು ನಡುಕೋಣೆಯ ಗೋಡೆಗೂ ಒರಗಿದವು. ಬೇಗ ಕೊಡಬೇಕು, ಹಲ್ಲುನೋವಿನವರು ನಿಂತುಕೊಂಡು ಕಾಯುತ್ತಿದ್ದಾರೆ. ಸೋಫಾದಕ್ಕ ಎಡಬಿಡದೆ ದುಡಿದಳು. ಬಟ್ಟೆಯನ್ನು ನೇರವಾಗಿ ಎಳೆದು ಮೊಳೆ ಹೊಡೆಯಲು ತೋಳಿನಲ್ಲಿ ಬಲ ಬೇಕು. ಒಂದು ಮಧ್ಯಾಹ್ನ ಪಟ್ಟೆಪಟ್ಟೆಯ ಬಟ್ಟೆ ಒಂದು ಸೀಟಿನ ಮೇಲೆ ಓರೆಯಾಗಿ ಕೂತುಬಿಟ್ಟಿತು. ಅಷ್ಟೂ ಮೊಳೆ ಕಿತ್ತು ಮತ್ತೆ ಹೊಡೆಯಬೇಕು. ಕೀಳುವಾಗ ಇಕ್ಕಳ ಜಾರಿ ಹೆಬ್ಬೆರಳು ಸೀಳಿತು. ಬಟ್ಟೆ ಚೂರು ಸುತ್ತಿಕೊಂಡು, ಬೇಳೆ ಬೇಯಿಸಿ, ಬ್ರೆಡ್ಡು ಕೊಯ್ದು, ಮೇಜಿಗೆ ತಂದಿಟ್ಟು ಕೂತಳು.

ಪ್ರಾರ್ಥನೆ ಮುಗಿಯಿತು. ಸೋಫಾದಣ್ಣನ ಮುಖ ಅರಳಿತ್ತು.

"ಇವತ್ತು ಕಿಟಕಿಗೆ ಗುಬ್ಬಿ ಬಂದಿತ್ತು. ಬಂದು ಹುಲ್ಲುಕಡ್ಡಿ ಇಡೋದು, ಹೋಗೋದು, ಮತ್ತೆ ತರೋದು. ಇಡೀ ಬೆಳಗ್ಗೆ ನೋಡ್ತಾ ಕೂತಿದ್ದೆ. ಅಷ್ಟು ಸಣ್ಣ ಕೊಕ್ಕಲ್ಲಿ ಎಷ್ಟು ಕೆಲಸ! ನನಗೆ ಕಣ್ಣಲ್ಲಿ ನೀರೇ ಬಂತು."

ಸೋಫಾದಕ್ಕ ಚಮಚವನ್ನು ಮೇಜಿನ ಮೇಲೆ ಕುಕ್ಕಿದಳು.

"ಗುಬ್ಬಿ ಕಾಣ್ತು ನಿಮಗೆ."

"ಹೂಂ, ಗಂಡೋ ಹೆಣ್ಣೋ ಗೊತ್ತಾಗ್ಲಿಲ್ಲ..."

"ನನಗೆ ಕಾಣೋದು ಅದು ಡಾಕ್ಟ್ರ ಹೊಸ ಸೀಟಿನ ಮೇಲೆ ಹಾಕಿದ ಹಿಕ್ಕೆ. ಒರೆಸ್ದೋಳು ನಾನು."

ಸೋಫಾದಣ್ಣನ ಕಣ್ಣು ಅವಳ ಹೆಬ್ಬೆರಳಿನ ಮೇಲೆ ಬಿತ್ತು. "ಏನಾಯ್ತು ಕೈಗೆ?"

"ಈಗ ಕಾಣ್ತಾ? ಗುಬ್ಬಿ ಕೊಕ್ಕು ಕಾಣುತ್ತೆ, ನಾನು ಎದುರಿಗೇ ಸಾಯ್ತಿದ್ರೂ ಕಾಣಲ್ಲ. ಈ ಮೇಜಿನ ಮೇಲೆ ಯಾರ್ಯಾರಿಗೆ ಕೃತಜ್ಞತೆ ಆಯ್ತು ಹೇಳ್ಲಾ? ನಲ್ಲಿ ನೀರಿಗೆ. ಬಸ್ಸಲ್ಲಿ ಗೊರಕೆ ಹೊಡೆದೋಳಿಗೆ. ಕ್ಷೌರದವನ ಬೆಕ್ಕು ಮರಿ ಹಾಕಿದ್ದಕ್ಕೆ ಮಾವ ಎರಡು ಸಂಜೆ ಹೇಳಿದ್ರು, ತಾಯಿಬೆಕ್ಕಿಗೆ ಒಂದು ದಿನ, ಮರಿಗಳಿಗೆ ಒಂದು ದಿನ!"

"ಅಮ್ಮ, ನಿಯಮ ಮಾಡಿದ್ದು ನೀನೇ ತಾನೇ," ಎಂದಳು ಚೂಟಿ ಮೆಲ್ಲಗೆ.

"ಹೌದು, ನಾನೇ! ನಾನು ಹೇಳಿದ್ದನ್ನೆಲ್ಲ ಕೇಳ್ತೀರಾ ನೀವು? ಒದ್ದೆ ಟವೆಲ್ಲು ಹಾಸಿಗೆ ಮೇಲೆ ಎಸೀಬೇಡಿ ಅಂತ ಹೇಳ್ತಾನೇ ಇದೀನಿ, ಅದನ್ನ ಒಬ್ರಾದ್ರೂ ಕೇಳಿದ್ರಾ? ಇದೊಂದನ್ನ ಮಾತ್ರ ಕಲ್ಲಲ್ಲಿ ಕೆತ್ತಿಟ್ಕೊಂಡ್ರಿ!"

ಗಾರ್ಡ್ ತಾತ ಏನೋ ಹೇಳಲು ಬಾಯಿ ತೆರೆದು, ಬ್ರೆಡ್ಡು ಇಟ್ಟುಕೊಂಡು ಮುಚ್ಚಿದರು. ಹಾಸಿಗೆಯ ಮೇಲೆ ಟವೆಲ್ಲು ಎಸೆಯುತ್ತಿದ್ದದ್ದು ಅವರೇ.

"ನಾನು ಹೊಗಳಿಕೆ ಕೇಳ್ತಿಲ್ಲ ರೀ," ಅವಳ ದನಿ ಇಳಿಯಿತು. "ನೀವು ಸಾವಿನ ಬಾಗಿಲು ತಟ್ಟಿ ಬಂದ್ರಿ, ನಿಮಗೆ ಎಲ್ಲಾ ಹೊಸದಾಗಿ ಕಾಣುತ್ತೆ. ನಾನು ಎಲ್ಲಿಗೂ ಹೋಗಿರ್ಲಿಲ್ಲ. ಇಲ್ಲೇ ಇದ್ದೆ. ನನಗೆ ಎಲ್ಲಾ ಹಳೇದು. ದಿನಾ ಕಣ್ಣು ಮುಚ್ಚಿ ಕೂತಾಗ ನನಗೇನು ಕಾಣುತ್ತೆ ಗೊತ್ತಾ? ನೀವು ಬೀಳೋದು. ಅದೊಂದೇ."

ಅವಳು ತನ್ನ ತಟ್ಟೆ ಎತ್ತಿಕೊಂಡಳು. "ನೀವು ಕೂತು ಆಶ್ಚರ್ಯಪಡಿ. ನನ್ನನ್ನ ಬಿಟ್ಟುಬಿಡಿ. ನೀವು ಕೋಲಿಲ್ದೆ ನಡೆಯೋ ಹಾಗಾದ ದಿನ ನಾನು ಅಕ್ಕನ ಮನೆಗೆ ಹೋಗಿ ಮಲಗ್ತೀನಿ. ಯಾವಾಗ ಬರ್ತೀಯ ಅಂತ ಮಾತ್ರ ಕೇಳ್ಬೇಡಿ."

ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ನಿಂತೇ ಊಟ ಮುಗಿಸಿದಳು.

ಅಂದಿನಿಂದ ಅದೇ ಆಯಿತು. ಮೂವರಿಗೆ ಬಡಿಸಿ ಒಳಗೆ ಹೋಗುವಳು. ಪ್ರಾರ್ಥನೆಯ ಹೊತ್ತಿಗೆ ಪಾತ್ರೆಯ ಸದ್ದು ಜೋರಾಗುವುದು. ಕೆಲಸದಲ್ಲಿ ಏನೂ ಕೊರತೆ ಮಾಡಲಿಲ್ಲ. ಅವನಿಗೆ ಸ್ನಾನ ಮಾಡಿಸುವಳು, ಗುಂಡಿ ಹಾಕುವಳು, ಮೊಣಕೈ ಕೊಡುವಳು. ಮಾತು ಮಾತ್ರ ಅಳೆದು ಹೊಲಿದ ಬಟ್ಟೆಯ ಹಾಗೆ, ಬೇಕಾದ್ದಕ್ಕಿಂತ ಒಂದು ಬೆರಳೂ ಹೆಚ್ಚಿಲ್ಲ. ಸೋಫಾದಣ್ಣ ಕಿಟಕಿಯ ಪಕ್ಕ ಕೂರುವುದನ್ನು ಬಿಟ್ಟ. ಅವಳ ಹತ್ತಿರ ಕುರ್ಚಿ ಹಾಕಿಸಿಕೊಂಡು, ಸರಿಯಾಗಿ ಮಡಚದ ಬೆರಳುಗಳಿಂದ ಬಾಗಿದ ಮೊಳೆಗಳನ್ನು ಆರಿಸಿ ಬೇರೆ ಡಬ್ಬಿಗೆ ಹಾಕತೊಡಗಿದ. ಹತ್ತು ಹಾಕುವಷ್ಟರಲ್ಲಿ ನಾಲ್ಕು ನೆಲಕ್ಕೆ. ಚೂಟಿ ಕಾಲೇಜಿನಿಂದ ಬಂದವಳು ಅವನ್ನು ಆಯಸ್ಕಾಂತದಿಂದ ಎತ್ತಿಕೊಡುವಳು. ಸೋಫಾದಕ್ಕ ನೋಡಿದಳು, ಬೇಡ ಎನ್ನಲಿಲ್ಲ.

ಒಂದು ಸಂಜೆ ವ್ಯಾಯಾಮದ ಹುಡುಗಿ ಹೋದ ಮೇಲೆ ಸೋಫಾದಣ್ಣ ಅಪ್ಪನಿಗೆ ಹೇಳಿದ, "ನನಗೆ ನಡೆಯೋಕೇ ಹೆದರಿಕೆ ಅಪ್ಪ."

"ಬೀಳ್ತೀನಿ ಅಂತನಾ?"

"ಬೀಳದೇ ಹೋದ್ರೆ ಅವಳು ಹೋಗ್ತಾಳಲ್ಲ, ಅಂತ."

ಗಾರ್ಡ್ ತಾತ ಬೋಳುತಲೆ ಸವರಿಕೊಂಡರು.

ದವಾಖಾನೆಯ ಕುರ್ಚಿಗಳ ಕೆಲಸ ಮುಗಿಯಿತು. ಗಾಡಿ ಬೆಳಿಗ್ಗೆ ಬರುವುದಿತ್ತು. ಆ ಸಂಜೆ ಸೋಫಾದಕ್ಕ ಎಲ್ಲವನ್ನೂ ಅಂಗಡಿಯಲ್ಲಿ ಸಾಲಾಗಿ ಜೋಡಿಸಿ, ನಡುವೆ ನಡೆಯಲು ಒಂದು ದಾರಿ ಬಿಟ್ಟು, ಕೈ ತೊಳೆದು ಒಲೆಗೆ ಬೇಳೆಯ ಪಾತ್ರೆ ಇಟ್ಟಳು. ನಡುಕೋಣೆಯಲ್ಲಿ ಮೂವರೂ ಮೇಜಿಗೆ ಕೂತರು. ಬೇಳೆ ಇನ್ನೂ ಬೆಂದಿರಲಿಲ್ಲ. ಕಣ್ಣು ಮುಚ್ಚಿದರು, ತೆರೆದರು.

"ನಂದೇನೂ ಇಲ್ಲ," ಎಂದಳು ಚೂಟಿ, ಥೇಟ್ ಅಮ್ಮನ ದನಿಯಲ್ಲಿ. ಅವಳಿಗೇ ಅಳು ಬಂತು. "ತಾತ, ಈ ಹಾಳು ನಿಯಮ ಮುರಿದುಬಿಡೋಣ. ಅಮ್ಮನ್ನ ಕರ್ದು ಕೂರಿಸಿ, ಹೇಳೋದನ್ನೆಲ್ಲ ಹೇಳಿಬಿಡೋಣ."

"ಮುರಿಯೋ ಹಾಗಿಲ್ಲಮ್ಮ. ಮುರಿದ್ರೆ ಎದ್ದು ಹೋಗ್ತೀನಿ ಅಂದಿದಾಳೆ."

"ಅವಳು ಆಗ್ಲೇ ಎದ್ದು ಹೋಗಿದಾಳಲ್ಲ ತಾತ!"

ಗಾರ್ಡ್ ತಾತ ಬ್ರೆಡ್ಡಿಗೆ ಚಾಚಿದ ಕೈಯನ್ನು ಹಾಗೇ ನಿಲ್ಲಿಸಿದರು. ತಿರುಗಿ ಅಡುಗೆಮನೆಯ ಬಾಗಿಲು ನೋಡಿದರು. ಬಗ್ಗಿ ಹೊಸ್ತಿಲು ನೋಡಿದರು. ಮತ್ತೆ ಸೊಸೆಯ ಖಾಲಿ ಕುರ್ಚಿ ನೋಡಿದರು. ಒಂದು ತಿರುವಿನಾಚೆ ಹಸಿರು ಸಿಗ್ನಲ್ಲು ಬಿದ್ದಂತೆ ಅವರ ಮುಖ ಬೆಳಗಿತು.

"ನಿಯಮ ಏನು? ಕೋಣೆಯಲ್ಲಿ ಇರೋರ ಸುದ್ದಿ ಎತ್ತಬಾರದು. ಅಡುಗೆಮನೆ ಬೇರೆ ಕೋಣೆ. ಮಧ್ಯೆ ಹೊಸ್ತಿಲಿದೆ. ಅಂದ್ರೆ ಅವಳು ಈ ಕೋಣೆಯಲ್ಲಿ ಇಲ್ಲ!"

"ತಾತ!"

"ಯಾವ ಅಧಿಕಾರಿನಾದ್ರೂ ಬಂದು ವಿಚಾರಿಸ್ಲಿ, ನಾನು ಉತ್ತರ ಕೊಡ್ತೀನಿ." ಅವರು ಗಂಟಲು ಸರಿಮಾಡಿಕೊಂಡು, ಅಡುಗೆಮನೆಗೆ ಕೇಳಲಿ ಎಂದು ದನಿಯನ್ನು ಪ್ಲಾಟ್‌ಫಾರಂ ಮಟ್ಟಕ್ಕೆ ಏರಿಸಿದರು. "ನಾನು ಮಧ್ಯಾಹ್ನ ಮಲಗೋ ಹೊತ್ತಲ್ಲಿ ನನ್ನ ಸೊಸೆ ಹೊಲಿಗೆ ಯಂತ್ರ ತುಳಿಯಲ್ಲ. ಸುತ್ತಿಗೆಗೂ ಬಟ್ಟೆ ಸುತ್ಕೊಂಡು ಹೊಡೀತಾಳೆ. ಮುದುಕನಿಗೆ ಗೊತ್ತಾಗಲ್ಲ ಅನ್ಕೊಂಡಿದಾಳೆ. ನಾನು ಮಲಗಿರಲ್ಲ. ಆ ಮೆತ್ತನೆ ಸದ್ದು ಕೇಳ್ತಾ ಸುಮ್ನೆ ಕಣ್ಣು ಮುಚ್ಚಿರ್ತೀನಿ. ಅದು ನನ್ನ ಆಶ್ಚರ್ಯ. ದೇವರೇ, ನಿನಗೆ ಕೃತಜ್ಞತೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ನಂದು," ಎಂದಳು ಚೂಟಿ ಕಣ್ಣೊರೆಸಿಕೊಳ್ಳುತ್ತ. "ಅಪ್ಪ ಆಸ್ಪತ್ರೇಲಿದ್ದಾಗ ನನಗೆ ಪರೀಕ್ಷೆ ಇತ್ತು. ಯಾರೂ ಬರಲ್ಲ ಅಂತ ಗೊತ್ತಿತ್ತು. ಹೊರಗೆ ಬಂದು ನೋಡಿದ್ರೆ ಅಮ್ಮ ಕಾಲೇಜಿನ ಎದುರು ರಸ್ತೆ ಆಚೆ ನಿಂತಿದ್ಲು. ತಲೆ ತುಂಬಾ ಹತ್ತಿ. ಅಂಗಡಿಯಿಂದ ಹಂಗೇ ಓಡಿ ಬಂದಿರ್ಬೇಕು. ನಾನು ನಗ್ತಾ ಬಂದಿದ್ದು ನೋಡಿದ್ಲು, ಚೆನ್ನಾಗಿ ಬರ್ದಿದಾಳೆ ಅಂತ ಗೊತ್ತಾಯ್ತು, ತಿರುಗಿ ಹೋದ್ಲು. ಫ್ರೆಂಡ್ಸ್ ಮುಂದೆ ನನಗೆ ನಾಚಿಕೆ ಆಗ್ಬಾರ್ದು ಅಂತ. ನಾನು ನೋಡ್ದೆ ಅಂತ ಅವಳಿಗೆ ಇವತ್ತಿನವರೆಗೂ ಗೊತ್ತಿಲ್ಲ."

ಈಗ ಸೋಫಾದಣ್ಣನ ಸರದಿ. ಅವನು ಕೂಗಿ ಹೇಳಲಿಲ್ಲ. ಅಷ್ಟು ದನಿ ಇನ್ನೂ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಒಂದು ಹೆಜ್ಜೆ ಬಾಗಿಲಿನ ಹತ್ತಿರಕ್ಕೆ ಬಂತು.

"ಯಂತ್ರ ಹಾಕಿದ ಮೊದಮೊದಲು ನನಗೆ ಕಣ್ಣು ಬಿಡೋಕೂ ಆಗ್ತಿರ್ಲಿಲ್ಲ, ಕಿವಿ ಮಾತ್ರ ಕೇಳ್ತಿತ್ತು. ಬಂದೋರೆಲ್ಲ ನಾನು ಕಿವುಡ ಅನ್ನೋ ಹಾಗೆ ಕೂಗೋರು. ಧೈರ್ಯವಾಗಿರಪ್ಪ, ದೇವ್ರಿದಾನೆ. ಆಮೇಲೆ ಬಾಗಿಲ ಹತ್ರ ಹೋಗಿ ಪಿಸಪಿಸ ಅನ್ನೋರು. ಅದೂ ಕೇಳ್ತಿತ್ತು. ಇವಳು ಬಂದ್ರೆ ಧೈರ್ಯನೂ ಇಲ್ಲ, ದೇವ್ರೂ ಇಲ್ಲ. ಕೂತ್ಕೊಂಡು ಬೈಯೋಳು. ಆ ಹಸಿರು ಸೋಫಾದ ಸ್ಪ್ರಿಂಗು ಹಾರಿ ಬಂದಿದೆ ರೀ, ಹುರಿ ನಾಲ್ಕು ದಿಕ್ಕಿಗೆ ಕಟ್ಟಲಾ ಎಂಟು ದಿಕ್ಕಿಗೆ ಕಟ್ಟಲಾ, ನೀವು ಹೇಳದೇ ಹೋದ್ರೆ ನಾನೇನು ಮಾಡ್ಲಿ ಅಂತ."

ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ.

"ನಾನು ಒಳಗೇ ಕಿರುಚ್ತಿದ್ದೆ. ಎಂಟು ದಿಕ್ಕಿಗೆ ಕಣೇ, ನಾಲ್ಕಕ್ಕೆ ಕಟ್ಟಿದ್ರೆ ತಿಂಗಳೊಳಗೆ ಕುಸಿಯುತ್ತೆ ಅಂತ. ಬೇರೆ ಯಾರೂ ನನ್ನನ್ನ ಏನೂ ಕೇಳ್ತಿರ್ಲಿಲ್ಲ. ಸತ್ತೋರನ್ನ ಯಾರು ಕೆಲಸದ ವಿಷಯ ಕೇಳ್ತಾರೆ? ಇವಳು ಕೇಳ್ತಿದಾಳೆ ಅಂದ್ರೆ ನಾನು ವಾಪಸು ಹೋಗೋನೇ ಇರ್ಬೇಕು ಅನ್ನಿಸ್ತು. ನರ್ಸಮ್ಮ ಹೇಳಿದ ಟೊಮೆಟೊ ಗಿಡ ಆಮೇಲಿಂದು. ನನ್ನ ಮೊದಲನೇ ಆಶ್ಚರ್ಯ ಇವಳ ಆ ಪ್ರಶ್ನೆ."

ಅಡುಗೆಮನೆಯಿಂದ ಸದ್ದಿಲ್ಲ. ಬಂದದ್ದು ವಾಸನೆ.

"ತಳ ಹಿಡೀತು!" ಎಂದು ಚೂಟಿ ಕೂಗಿದಳು.

ಸ್ವಲ್ಪ ಹೊತ್ತಿಗೆ ಸೋಫಾದಕ್ಕ ಪಾತ್ರೆ ಹಿಡಿದು ಹೊಸ್ತಿಲು ದಾಟಿದಳು. ಮುಖ ತೊಳೆದಿದ್ದಳು, ಕೂದಲಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪಾತ್ರೆ ಮೇಜಿನ ಮೇಲಿಟ್ಟು ತನ್ನ ಕುರ್ಚಿ ಎಳೆದುಕೊಂಡಳು.

"ನೀವು ಉದ್ದುದ್ದ ಭಾಷಣ ಮಾಡಿದ್ರೆ ಬೇಳೆ ಇನ್ನೇನಾಗುತ್ತೆ? ಮೇಲಿಂದ ಬಡಿಸ್ತೀನಿ, ಯಾರೂ ಕೆರೀಬೇಡಿ." ಬಡಿಸುತ್ತ, ತಲೆ ಎತ್ತದೆ ಗಂಡನಿಗೆ ಹೇಳಿದಳು, "ನಾನು ನಾಲ್ಕಕ್ಕೇ ಕಟ್ಟಿದೀನಿ."

"ಗೊತ್ತು. ವಾಪಸು ಬರುತ್ತೆ ಆ ಸೋಫಾ," ಎಂದ ಸೋಫಾದಣ್ಣ.

"ಬರ್ಲಿ. ಬಂದಾಗ ನೀವೇ ಕಟ್ಟಿ."

ಗಾರ್ಡ್ ತಾತ ಸಂತೋಷದಿಂದ ಕೆಮ್ಮಿದರು. "ಈಗ ನಿನ್ನ ಸರದಿ ತಾಯಿ. ನಿಂದೇನೂ ಇಲ್ಲ ಅಂದ್ರೆ ಅದನ್ನೇ ಹೇಳು, ಪರವಾಗಿಲ್ಲ."

ಅವಳು ಸೌಟು ಕೆಳಗಿಟ್ಟಳು. ಅಂಗೈಗಳನ್ನು ಮೇಜಿನ ಮೇಲಿಟ್ಟಳು. ಗಂಡನ ಕಡೆ ನೋಡಿದಳು.

"ರೀ. ಎದ್ದು ಅಂಗಡಿಗೆ ಹೋಗಿ."

"ಯಾಕೆ?"

"ನೀವು ಇಲ್ಲಿದ್ರೆ ಹೇಳೋಕೆ ಆಗಲ್ಲ. ನಿಯಮ."

ಚೂಟಿ ಕಿಸಕ್ಕನೆ ನಕ್ಕಳು. ಸೋಫಾದಣ್ಣನಿಗೂ ನಗು ತಡೆಯಲಾಗಲಿಲ್ಲ. "ನೋಡೇ ನಿಮ್ಮಮ್ಮನ್ನ, ಊಟದ ಮುಂದಿಂದ ಎಬ್ಬಿಸ್ತಾಳೆ," ಎನ್ನುತ್ತ ಮೇಜಿಗೆ ಕೈಯೂರಿ ಎದ್ದ. ನಗುತ್ತಲೇ ತಿರುಗಿದ. ನಗುತ್ತಲೇ ಮೇಜು ಬಿಟ್ಟ.

ಕೋಲು ಅವನ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.

ಮೊದಲು ಕಂಡದ್ದು ಗಾರ್ಡ್ ತಾತನಿಗೆ. ಅರ್ಧ ಎದ್ದುಬಿಟ್ಟರು. ಸೋಫಾದಕ್ಕ ಅವರ ತೋಳು ಹಿಡಿದಳು. ಎದ್ದು ಓಡಲು ಅವಳ ಕಾಲುಗಳೇ ತುಡಿಯುತ್ತಿದ್ದವು. ಅವಳು ಓಡಲಿಲ್ಲ. ಮಾವನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದು, ಕೂತಲ್ಲೇ ಕೂತು, ನೋಡಿದಳು.

ಅವನು ಮನೆಗೆ ಬಂದಾಗಿನಿಂದ ಅವಳು ಅವನ ನಡಿಗೆಯನ್ನು ನೋಡಿಯೇ ಇರಲಿಲ್ಲ. ಪಕ್ಕದಲ್ಲಿ ಮೊಣಕೈ ಕೊಟ್ಟುಕೊಂಡು ನಡೆದವಳಿಗೆ ಕಂಡದ್ದು ನೆಲ ಮಾತ್ರ. ಈಗ ಅವನ ಬೆನ್ನು ಕಂಡಿತು. ಅವಳೇ ಗುಂಡಿ ಹಾಕಿದ ಶರ್ಟಿನ ಕಾಲರು ಒಂದು ಕಡೆ ಮೇಲೆದ್ದಿತ್ತು. ಎಡಗಾಲು ಸ್ವಲ್ಪ ಅಗಲವಾಗಿ ಬೀಳುತ್ತಿತ್ತು, ಹೊಸ ಸ್ಪ್ರಿಂಗು ಮೊದಲ ಸಲ ಭಾರ ಹೊತ್ತ ಹಾಗೆ ಮೊಣಕಾಲು ಒಮ್ಮೆ ತಗ್ಗಿ ಮತ್ತೆ ನಿಂತಿತು. ಅವನು ಗೋಡೆ ಹುಡುಕಲಿಲ್ಲ. ಬಾಗಿಲು ದಾಟಿ, ಕುರ್ಚಿಗಳ ನಡುವೆ ಅವಳೇ ಬಿಟ್ಟಿದ್ದ ದಾರಿಯಲ್ಲಿ ಮರೆಯಾದ.

"ಹ್ಞೂಂ, ಬಂದೆ. ಹೇಳ್ಕೋ ಈಗ!" ಎಂಬ ಗೊಗ್ಗರು ದನಿ ಅಂಗಡಿಯಿಂದ ಬಂತು. ತಾನೇನು ಮಾಡಿದೆ ಎಂಬುದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ಚೂಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಹೇಳು ತಾಯಿ," ಎಂದರು ಗಾರ್ಡ್ ತಾತ, ಈ ಸಲ ಬಹಳ ಮೆಲ್ಲಗೆ.

"ಆಸ್ಪತ್ರೇಲಿ ಯಂತ್ರ ತೆಗೆದ ದಿನ," ಎಂದು ಶುರುಮಾಡಿದಳು ಸೋಫಾದಕ್ಕ, "ತಾನಾಗೇ ಉಸಿರಾಡ್ತಾರೋ ಇಲ್ವೋ ನೋಡ್ಬೇಕು ಅಂದ್ರು. ನಾನು ಪಕ್ಕದಲ್ಲೇ ಇದ್ದೆ ಮಾವ. ಆದ್ರೆ ನೋಡ್ಲಿಲ್ಲ. ಹೆದರಿ ಕಣ್ಣು ಮುಚ್ಕೊಂಡುಬಿಟ್ಟೆ. ಎಲ್ಲಾರೂ ಉಸಿರಾಡಿದ್ರು ಉಸಿರಾಡಿದ್ರು ಅಂತ ಹೇಳಿದ ಮೇಲೂ ಬಿಡ್ಲಿಲ್ಲ. ಇವತ್ತು ನೋಡ್ದೆ."

ಅವಳು ಕೈ ಚಾಚಿ ಕುರ್ಚಿಯ ಬೆನ್ನಿನಿಂದ ಕೋಲು ತೆಗೆದು ಮಡಿಲಲ್ಲಿ ಅಡ್ಡಲಾಗಿ ಇಟ್ಟುಕೊಂಡಳು. ಹೆಬ್ಬೆರಳಿನ ಬಟ್ಟೆ ಚೂರಿನಿಂದ ಕಣ್ಣೊರೆಸಿಕೊಂಡಳು.

"ಅಮ್ಮ," ಎಂದಳು ಚೂಟಿ. "ಹಂಗಾದ್ರೆ ದೊಡ್ಡಮ್ಮನ ಮನೆಗೆ ಹೋಗಿಬಿಡ್ತೀಯಾ?"

"ಹೋಗ್ತೀನಿ. ಹೋಗಿ ಹಗಲೆಲ್ಲ ಕಣ್ತುಂಬ ನಿದ್ದೆ ಮಾಡ್ತೀನಿ. ಯಾವಾಗ ಬರ್ತೀಯ ಅಂತ ಕೇಳು."

"ಯಾವಾಗ ಬರ್ತೀಯ?"

"ಸಂಜೆ ಊಟದ ಹೊತ್ತಿಗೆ."

ಅಂಗಡಿಯಲ್ಲಿ ಒಂದು ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಅವನ ದನಿ, ಮೊದಲಿನ ಹಾಗಲ್ಲ, ತುಂಬಾ ಎಚ್ಚರಿಕೆಯ ದನಿ.

"ಏ... ನನ್ನ ಕೋಲು ಅಲ್ಲಿದೆಯಾ?"

"ಇಲ್ಲೇ ಇದೆ," ಎಂದಳು ಸೋಫಾದಕ್ಕ.

ಅಂಗಡಿಯಲ್ಲಿ ಒಂದು ಹೆಜ್ಜೆ ಬಿತ್ತು, ನಿಂತಿತು.

"ಬರ್ಲಾ ಒಳಗೆ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇರಿ," ಎಂದಳು ಅವಳು, ಮಡಿಲಲ್ಲಿದ್ದ ಕೋಲಿನ ಮೇಲೆ ಎರಡೂ ಅಂಗೈ ಇಟ್ಟುಕೊಂಡು. "ನಂದು ಇನ್ನೂ ಮುಗಿದಿಲ್ಲ."